ಹನ್ನೊಂದನೆಯ ಪಾಳಿ

ಅವತ್ತು ನಮ್ಮ ಪಡಸಾಲೆಯಲ್ಲಿ ಹನ್ನೊಂದು ಜನ ಗಂಡಸರು ಕೂತಿದ್ದರು, ಅಪ್ಪನನ್ನು ಸೇರಿಸಿದರೆ ಹನ್ನೆರಡು. ಹನ್ನೊಂದು ಜನಕ್ಕೆ ಜಮಖಾನ ಹಾಸಿತ್ತು. ಅಪ್ಪ ಮಾತ್ರ ಬರಿ ನೆಲದ ಮೇಲೆ, ಹಿಂದೆ ಕಂಬವಿದ್ದರೂ ಅದಕ್ಕೆ ಒರಗದೆ ಕೂತಿದ್ದ. ನಡುಮನೆಯ ಬಾಗಿಲ ಮರೆಯಲ್ಲಿ ಅಜ್ಜಿ, ಅಡಿಗೆಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಅವ್ವ, ಅಟ್ಟದ ಏಣಿಯ ನಾಲ್ಕನೆಯ ಮೆಟ್ಟಿಲ ಮೇಲೆ ನಾನು. ಹೊರಗೆ ಬೀದಿಯಲ್ಲಿ ನಮ್ಮ ಬಿಳಿ ಅಂಬಾಸಿಡರ್ ಕಾರು, ಅದರ ಪಕ್ಕದಲ್ಲಿ ಡ್ರೈವರ್ ಮಾಬಣ್ಣ. ಆ ಕಾರನ್ನು ಏನು ಮಾಡುವುದೆಂದು ತೀರ್ಮಾನಿಸಲಿಕ್ಕೇ ಅಷ್ಟು ಜನ ಸೇರಿದ್ದು. ಮಾಬಣ್ಣ ಅದನ್ನು ದಿನದಂತೆ ಒರೆಸುತ್ತಲೇ ಇದ್ದ. ಮಾರಿಹೋಗುವ ಎಮ್ಮೆಗೂ ಆ ದಿನ ಮೈ ತೊಳೆಯುತ್ತಾರಲ್ಲ, ಹಾಗೆ.

ಹನ್ನೊಂದು ಜನಕ್ಕೂ ಅಪ್ಪ ಬಾಕಿದಾರ. ಬಾಕಿ ಅಂದರೆ ಬಡ್ಡಿಗೆ ತಂದ ಸಾಲವಲ್ಲ. ಹೊಸದುರ್ಗದಲ್ಲಿ ಅಪ್ಪನದು ಕೊಬ್ಬರಿ ಮಂಡಿ. ರೈತರು ಕೊಬ್ಬರಿ ತಂದು ಹಾಕಿ ಹೋಗುತ್ತಿದ್ದರು, ಮಗನ ಶಾಲೆಗೋ ಮಗಳ ಬಾಣಂತನಕ್ಕೋ ಬೇಕಾದಾಗ ಬಂದು ದುಡ್ಡು ಕೇಳುತ್ತಿದ್ದರು. ಮಾಡದಕೆರೆಯ ಈರಣ್ಣ ಅನ್ನುವವನಿಗೆ ಒಂದು ತೆಂಗಿನ ಮರವೂ ಇರಲಿಲ್ಲ, ಕುರಿ ಇದ್ದವು. ಅವನು ಕುರಿ ಮಾರಿದ ದುಡ್ಡನ್ನೇ ತಂದು ಅಪ್ಪನ ಕೈಗೆ ಕೊಟ್ಟು, 'ಇಟ್ಕಂಡಿರು' ಎಂದು ಹೋಗುತ್ತಿದ್ದ. ಚೀಟಿ ಅವನು ಕೇಳುತ್ತಿರಲಿಲ್ಲ, ಇವನು ಬರೆದು ಕೊಡುತ್ತಿರಲಿಲ್ಲ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಮರಳಿನ ಮೇಲೆ ಅಕ್ಷರ ತಿದ್ದಿದವರು. ಹೀಗಿರುವಾಗ ಉತ್ತರದ ಕಡೆಯ ಒಬ್ಬ ವ್ಯಾಪಾರಿ ಅಪ್ಪನಿಂದ ಲಾರಿ ಲಾರಿ ಕೊಬ್ಬರಿ ತುಂಬಿಸಿಕೊಂಡು ಹೋದವನು ಮತ್ತೆ ಕಾಣಲಿಲ್ಲ. ಅದೇ ವರ್ಷ ಧಾರಣೆಯೂ ಬಿತ್ತು. ಅಪ್ಪ ಪಾಪರ್ ಆದ. ಕೋರ್ಟಿಗೆ ಅರ್ಜಿ ಹಾಕಿ, ಎಲ್ಲವನ್ನೂ ಅವರ ಕೈಗೆ ಒಪ್ಪಿಸಿ ಸುಮ್ಮನಾಗಿ ಎಂದು ಚಿತ್ರದುರ್ಗದ ವಕೀಲರು ಹೇಳಿದರಂತೆ. ನಂಬಿ ಕೊಟ್ಟವರನ್ನು ಕೋರ್ಟಿನ ಜಗುಲಿ ಮೇಲೆ ಕೂರಿಸಲಾರೆ ಎಂದು ಅಪ್ಪ ವಾಪಸು ಬಂದ. ಮಂಡಿ, ತೋಟ, ದೊಡ್ಡ ತಕ್ಕಡಿ, ಇನ್ನೂ ಖಾಲಿ ಮಾಡಬೇಕಿದ್ದ ಆ ಮನೆ, ಅವ್ವನ ಬಳೆ ಎಲ್ಲ ಒಂದೊಂದಾಗಿ ಮಾರಿ ಹನ್ನೊಂದು ಜನಕ್ಕೂ ಹಂಚಿದ. ಆದರೂ ಪೂರ್ತಿ ತೀರಲಿಲ್ಲ. ಉಳಿದದ್ದು ಕಾರು ಒಂದೇ.

ಹಿರಿಯೂರಿನಿಂದ ಬಂದ ದಲ್ಲಾಳಿ ಕಾರಿನ ಸುತ್ತ ಎರಡು ಸುತ್ತು ಹಾಕಿ, ಟೈರಿಗೆ ಒದ್ದು ನೋಡಿ ಒಂದು ಬೆಲೆ ಹೇಳಿ ಹೋಗಿದ್ದ. ಆ ಬೆಲೆ ಕೇಳಿ ಆದಿವಾಲದ ಚನ್ನಬಸಪ್ಪ ಬಾಯಿ ತೆಗೆದ. ದೊಡ್ಡ ಮೀಸೆಯ, ಇನ್ನೂ ದೊಡ್ಡ ದನಿಯ ಮನುಷ್ಯ. ಹನ್ನೊಂದು ಜನರ ಪೈಕಿ ಹೆಚ್ಚು ಕಳೆದುಕೊಂಡವರಲ್ಲಿ ಅವನೂ ಒಬ್ಬ.

"ಹನ್ನೊಂದು ಪಾಲು ಮಾಡಿದ್ರೆ ತಲಿಗೊಂದು ಜೊತೆ ಎಕ್ಕಡ ಬರ್ತಾವೆ. ಅದೂ ಎಡಗಾಲಿಂದು ಇವತ್ತು, ಬಲಗಾಲಿಂದು ಮುಂದಿನ ಸಂತಿಗೆ."

ಯಾರೋ ನಕ್ಕರು. ನಗಬಾರದಿತ್ತೇನೋ ಎಂದು ಅಪ್ಪನ ಮುಖ ನೋಡಿದರು. ಅಪ್ಪನೂ ನಗುತ್ತಿದ್ದ. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿದ್ದು ಅದೇ. ಚನ್ನಬಸಪ್ಪ ಮುಂದುವರಿದು, ಎಕ್ಕಡ ತಗೊಂಡು ತಾನೇನು ಮಾಡಲಿ, ಬರುವ ವರ್ಷ ಮಗಳ ಮದುವೆ ಇದೆ, ಅವಳನ್ನು ಗಂಡನ ಮನೆಗೆ ಕಾರಿನಲ್ಲಿ ಕಳಿಸಬೇಕೆಂದು ಹೆಂಡತಿಗೆ ಆಸೆ ಇದೆ ಎಂದ. ಆ ದಿನಗಳಲ್ಲಿ ನಮ್ಮ ಕಡೆ ಮದುಮಗಳು ಟ್ರ್ಯಾಕ್ಟರಿನಲ್ಲೋ ಬಸ್ಸಿನಲ್ಲೋ ಹೋಗುತ್ತಿದ್ದಳು. ಅಳುತ್ತಾ ಬಸ್ಸಿನ ಮೆಟ್ಟಿಲಲ್ಲಿ ನಿಂತವಳಿಗೆ ಕಂಡಕ್ಟರು 'ಒಳಗೆ ಹೋಗವ್ವ, ಒಳಗೆ' ಅನ್ನುತ್ತಿದ್ದ. ಹೆತ್ತವರಂತೂ ಆವತ್ತು ಮಗಳ ಹಿಂದೆ ಹೋಗುವಂತಿಲ್ಲ. ಧಾರೆ ಎರೆದು ಒಪ್ಪಿಸಿದ ಮೇಲೆ ಅಪ್ಪ ಅವ್ವ ಬಾಗಿಲಲ್ಲೇ ನಿಲ್ಲಬೇಕು. ಹಿರಿಯನೊಬ್ಬ, ಜೊತೆಗೊಂದು ಸಣ್ಣ ಹುಡುಗಿ ಹೋಗಿ ಮುಟ್ಟಿಸಿ ಬರುವುದು ಪದ್ಧತಿ. ಕಾರಿದ್ದರೆ ಅದಕ್ಕೊಂದು ಮರ್ಯಾದೆ ಬರುತ್ತದೆ ಎಂದು ಒಬ್ಬೊಬ್ಬರೂ ತಲೆ ಆಡಿಸತೊಡಗಿದರು. ಆಗ ಬಾಗಿಲ ಮರೆಯಿಂದ ಅಜ್ಜಿಯ ದನಿ ಬಂತು. ಗಂಡಸರ ನಡುವೆ ಅಜ್ಜಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಕಾರು ನಿಮ್ದು ಅಂತ ತಿಳ್ಕಳ್ರಿ. ತೋಟಕ್ಕೆ ನೀರು ಬಿಟ್ಟಂಗೆ ಪಾಳಿ ಮಾಡ್ರಿ. ಹನ್ನೊಂದು ಮನೆ, ಹನ್ನೊಂದು ಪಾಳಿ. ಹನ್ನೊಂದೂ ಮುಗಿಯೋವರ್ಗೂ ನನ್ ಮಗ ಬರೀ ಕಾಯೋನು. ಮುಗಿದ್ ಮ್ಯಾಲೆ ಬಾಕಿ ಚುಕ್ತಾ, ಕಾರು ಅವಂದು."

ಹತ್ತು ಜನ ಹೂಂ ಅಂದರು. ಹನ್ನೊಂದನೆಯವನು ಈರಣ್ಣ. ಅವನು ಅಷ್ಟು ಹೊತ್ತೂ ಗೋಡೆಗೆ ಒರಗಿ, ಮಡಿಸಿದ ಕಂಬಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಎದ್ದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, 'ನನ್ ಪಾಳಿ ಹಂಗೇ ಇರ್ಲಿ' ಎಂದಷ್ಟೇ ಹೇಳಿ ಮೆಟ್ಟಿಲಿಳಿದ. ಅವ್ವ ಮಂಡಕ್ಕಿಯ ತಟ್ಟೆ ತಂದಾಗ ಹತ್ತು ಕೈ ಮುಂದೆ ಬಂದವು. ಉಳಿದ ಒಂದು ತಟ್ಟೆಯನ್ನು ಅಪ್ಪ ಬಹಳ ಹೊತ್ತು ನೋಡುತ್ತಾ ಕೂತಿದ್ದ. ಕಡೆಗೆ ಅದು ಏಣಿಯ ನಾಲ್ಕನೆಯ ಮೆಟ್ಟಿಲಿಗೆ ಬಂತು.

ಎಲ್ಲರೂ ಹೋದ ಮೇಲೆ ಒಂದು ವಿಷಯ ಹೊಳೆಯಿತು. ಅಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಾರು ಕೊಂಡ ದಿನದಿಂದ ಅವನು ಹಿಂದಿನ ಸೀಟಿನ ಎಡಗಡೆ ಬಿಟ್ಟು ಬೇರೆ ಕಡೆ ಕೂತವನಲ್ಲ. ಮಾಬಣ್ಣನಿಗೆ ಕೊಡಲು ಸಂಬಳವಿಲ್ಲ, ಅವನು ಒಂದು ಲಾರಿಗೆ ಸೇರುವುದು ಆಗಲೇ ಗೊತ್ತಾಗಿತ್ತು. ಆದರೂ ಲಾರಿಗೆ ಹೋಗುವ ಮೊದಲು ದಿನಾ ಬೆಳಿಗ್ಗೆ ಸಂತೆ ಮೈದಾನದಲ್ಲಿ ಕಲಿಸಿಕೊಡುತ್ತೇನೆ ಎಂದ. ಮೊದಲ ದಿನ ನಾನೂ ಹಟ ಮಾಡಿ ಮುಂದಿನ ಸೀಟಿನಲ್ಲಿ ಕೂತೆ. ಅಪ್ಪ ರೂಢಿಯಂತೆ ಹಿಂದಿನ ಎಡಬಾಗಿಲು ತೆಗೆದು ಕೂತ, ಮಾಬಣ್ಣ ರೂಢಿಯಂತೆ ಸ್ಟೀರಿಂಗಿನ ಮುಂದೆ ಕೂತ. ಮೈದಾನ ಬಂತು, ಕಾರು ನಿಂತಿತು, ಇಬ್ಬರೂ ಇಳಿಯಲಿಲ್ಲ. ಸಂತೆಯ ಮಾರನೆಯ ದಿನವಾದ್ದರಿಂದ ಅಲ್ಲಿ ಕೊಳೆತ ಕೋಸಿನ ಎಲೆ ತಿನ್ನುತ್ತಿದ್ದ ಎರಡು ಹಸು ಬಿಟ್ಟರೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಾಬಣ್ಣ ಕನ್ನಡಿಯಲ್ಲಿ ಅಪ್ಪನನ್ನು ನೋಡುತ್ತಾ ಹೇಳಿದ.

"ಸಾವ್ಕಾರ್ರೆ, ಈಗ ನೀವು ಮುಂದಕ್ಕೆ ಬರ್ಬೇಕು, ನಾನು ಆ ಕಡೆ ಹೋಗ್ಬೇಕು. ನಂಗೂ ಡ್ರೈವರ್ ಸೀಟು ಬಿಟ್ಟು ಕುಂತು ರೂಢಿ ಇಲ್ಲ. ಕಾಲು ಎಲ್ಲಿಡ್ತಾರೆ ಅಲ್ಲಿ?"

ಅಪ್ಪ ಇಳಿದು ಬಂದ. ಆ ನಾಲ್ಕು ಹೆಜ್ಜೆ ಅವನಿಗೆ ಎಷ್ಟು ದೂರವಾಗಿತ್ತೋ ನನಗೆ ಆಗ ತಿಳಿಯಲಿಲ್ಲ. ನಾನು ಕಂಡದ್ದು ಇಷ್ಟೇ: ಅಪ್ಪ ಎಕ್ಕಡ ಕಳಚಿ ಹೊರಗಿಟ್ಟು, ಮನೆಯೊಳಗೆ ಹೋಗುವವನಂತೆ ಕಾರಿನೊಳಗೆ ಕಾಲಿಟ್ಟ. ಕಲಿಯಲು ಒಂದೂವರೆ ತಿಂಗಳು ಹಿಡಿಯಿತು. ಸಂತೆಯ ತಟ್ಟಿ ಅಂಗಡಿಗಳ ಕಂಬಕ್ಕೆ ಎರಡು ಸಲ ಗುದ್ದಿದ. ಎರಡು ಸಲವೂ ಇಳಿದು ಹೋಗಿ ಕಂಬವನ್ನು ಸವರಿ ನೋಡಿ ಬಂದ. ಮಾಬಣ್ಣ ಕಾರು ನೋಡ್ರಿ ಸಾವ್ಕಾರ್ರೆ ಅಂದರೆ, ಕಂಬ ಬೇರೆಯವರದಪ್ಪ ಅಂದ. ಆಮೇಲೆ ತೆಗೆದುಕೊಂಡ ಲೈಸೆನ್ಸಿನ ಫೋಟೋದಲ್ಲಿ ಅಪ್ಪ ಶಾಲೆಗೆ ಸೇರಿಸಿದ ಮಗುವಿನ ಹಾಗೆ ಕಾಣುತ್ತಾನೆ.

ದೊಡ್ಡ ಮನೆ ಬಿಟ್ಟು ನಾವು ಹೋದದ್ದು ತಾಲ್ಲೂಕು ಕಚೇರಿಯ ಹಿಂದಿನ ಓಣಿಯಲ್ಲಿದ್ದ ಎರಡು ಕೋಣೆಯ ಹೆಂಚಿನ ಮನೆಗೆ. ಆ ಓಣಿಯಲ್ಲಿ ಈಗ ಮನೆಗೊಂದು ಕಾರಿದೆ, ನಾನು ಹೋದರೆ ನನ್ನದನ್ನು ನಿಲ್ಲಿಸಲು ಜಾಗ ಹುಡುಕಬೇಕು. ಆಗ ನಮ್ಮದೊಂದೇ ಕಾರು ಹೊಂಗೆ ಮರದ ಕೆಳಗೆ, ಕೊಬ್ಬರಿ ಚೀಲ ಬಿಚ್ಚಿ ಹೊಲಿದ ಗೋಣಿಪಟ ಹೊದ್ದುಕೊಂಡು ನಿಂತಿರುತ್ತಿತ್ತು. ಅದು ನಮ್ಮ ಮೂರನೆಯ ಕೋಣೆ. ಮಧ್ಯಾಹ್ನ ಅಜ್ಜಿ ಅದರ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದಳು, ನಾನು ಮುಂದಿನ ಸೀಟಿನಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಅವ್ವ ಬಾನೆಟ್ಟಿನ ಮೇಲೆ ಬಟ್ಟೆ ಹಾಸಿ ಸಂಡಿಗೆ ಇಡುತ್ತಿದ್ದಳು. ಮನೆಗೆ ಬಂದ ನೆಂಟರು ಹೆಚ್ಚಾದರೆ ಇಬ್ಬರನ್ನು ಕಾರಿನಲ್ಲಿ ಕೂರಿಸಿ ಕಿಟಕಿಯಿಂದ ಕಾಫಿ ಕೊಡುತ್ತಿದ್ದೆವು. ಕಾರಿಗೆ ಜೀವ ಬಿದ್ದು ಬೀದಿಗಿಳಿಯುತ್ತಿದ್ದುದು ಪಾಳಿ ಬಂದಾಗ ಮಾತ್ರ. ಪೆಟ್ರೋಲು ಮದುವೆ ಮನೆಯವರದು. ಅಪ್ಪ ಇನ್ನೊಬ್ಬರ ಮಂಡಿಯಲ್ಲಿ ತೂಕ ಬರೆಯುವ ಕೆಲಸಕ್ಕೆ ಸೇರಿದ್ದ. ಅಲ್ಲಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಊರಿನ ಕೆಲವು ಬಾಯಿಗಳಿಗೆ ಇದು ಬಹಳ ದಿನ ಆಹಾರವಾಯಿತು. ಅಕ್ಕಿ ಕಡ ತರುವವನಿಗೆ ಕಾರೇಕೆ ಎಂದು ನಲ್ಲಿಯ ಹತ್ತಿರ ಅವ್ವನಿಗೆ ಕೇಳಿಸುವಂತೆ ಆಡುತ್ತಿದ್ದರು. ಅವ್ವ ಕೊಡ ತುಂಬುವವರೆಗೂ ಸುಮ್ಮನಿದ್ದು, ಸೊಂಟಕ್ಕೇರಿಸಿದ ಮೇಲೆ, 'ನಿಮ್ ಮಗಳ ಮದುವಿಗೆ ಹೇಳ್ರಿ, ಹನ್ನೆರಡನೇ ಪಾಳಿ ಮಾಡಾಣ' ಎಂದು ಹೇಳಿ ಬರುತ್ತಿದ್ದಳು.

ಮದುಮಗಳ ಜೊತೆಗೆ ಹೋಗುವ ಸಣ್ಣ ಹುಡುಗಿ ಬೇಕಲ್ಲ, ಆ ಕೆಲಸ ನನ್ನ ಪಾಲಿಗೆ ಬಂತು. ಕಾರಿನಲ್ಲಿ ಜಾಗ ಉಳಿಯುತ್ತದೆ ಎಂಬ ಲೆಕ್ಕಾಚಾರ ಚನ್ನಬಸಪ್ಪನದು. ಅಪ್ಪನೇ ಹಿರಿಯ, ಮಗಳೇ ಜೊತೆಗಾತಿ. ಹಸಿರು ಲಂಗ ಉಟ್ಟು ನಾನು ಮುಂದಿನ ಸೀಟಿನಲ್ಲಿ ಕೂತರೆ, ಹಿಂದೆ ಗಂಡು ಹೆಣ್ಣು. ಹೊರಡುವ ಮೊದಲು ಹುಡುಗಿಯ ಅಪ್ಪ ಕಿಟಕಿಯ ಹತ್ತಿರ ಬಂದು ನನ್ನ ಅಪ್ಪನಿಗೆ 'ಮರುಳಪ್ಪ, ಹುಷಾರು' ಅನ್ನುತ್ತಿದ್ದ. ರಸ್ತೆಗೆ ಹೇಳುತ್ತಿದ್ದನೋ ಮಗಳಿಗೆ ಹೇಳುತ್ತಿದ್ದನೋ. ಹಾಗೆ ಹೇಳುವವನು ಅಪ್ಪನಿಂದ ದುಡ್ಡು ಕಳೆದುಕೊಂಡವನೇ. ಮೊದಲ ಸಲ ಹೊರಡುವಾಗ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಒಂದು ಮಾತು ಹೇಳಿದ್ದ.

"ಹಿಂದಕ್ಕೆ ತಿರುಗಿ ನೋಡ್ಬೇಡ ಗಿರಿಜಿ. ಅಳೋರನ್ನ ನೋಡ್ಬಾರ್ದು. ಕೇಳ್ಸಿದ್ರೆ ಕೇಳ್ಸಿಕ್ಯ, ಅಷ್ಟೇ."

ಚನ್ನಬಸಪ್ಪನ ಮಗಳು ಆದಿವಾಲದಿಂದ ಹಿರಿಯೂರಿನವರೆಗೂ ಬಿಕ್ಕಿ ಬಿಕ್ಕಿ ಅತ್ತಳು. ಹಿರಿಯೂರಿನ ಸರ್ಕಲ್ಲಿನಲ್ಲಿ ಕಬ್ಬಿನ ಹಾಲಿನ ಗಾಣ ಕಂಡ ಕೂಡಲೇ ಅಳು ನಿಲ್ಲಿಸಿ, ಶುಂಠಿ ಜಾಸ್ತಿ ಹಾಕಿಸ್ರಿ ಎಂದಳು. ಇನ್ನೊಬ್ಬಳು ಅಳಲೇ ಇಲ್ಲ, ಗಂಡನನ್ನು ನಿಮ್ಮೂರಲ್ಲಿ ನೀರು ಎಷ್ಟು ದೂರ, ಅತ್ತೆಗೆ ಕಿವಿ ಕೇಳುತ್ತದಾ ಎಂದು ಒಂದೊಂದೇ ಕೇಳುತ್ತಾ ಬಂದಳು. ಅವನು ಬೆವರಿದ ವಾಸನೆ ಮುಂದಿನ ಸೀಟಿಗೂ ಬರುತ್ತಿತ್ತು. ತಿರುಗಿ ನೋಡಬಾರದಾದ್ದರಿಂದ ನಾನು ಕೇಳುವುದನ್ನು ಕಲಿತೆ. ಬಳೆಯ ಸದ್ದಿನಿಂದ ಕೈ ಎಲ್ಲಿದೆ, ಉಸಿರಿನಿಂದ ಅಳು ಎಷ್ಟು ಉಳಿದಿದೆ ಎಂದು ತಿಳಿಯುತ್ತಿತ್ತು. ಆ ಊರುಗಳ ಮುದುಕಿಯರು ಮನೆ ತುಂಬಿಸಿಕೊಳ್ಳುವಾಗ ಹೇಳುತ್ತಿದ್ದ ಮಾತುಗಳು, ಹಾಸ್ಯ, ಹರಕೆ, ಬೈಗುಳ ಎಲ್ಲ ನನಗೆ ಹತ್ತಿದ್ದು ಹಾಗೆ. ಇವತ್ತು ನನ್ನ ನಾಲಿಗೆಯಲ್ಲಿ ಒಂದಿಷ್ಟು ಕನ್ನಡ ಇದ್ದರೆ ಅದರಲ್ಲಿ ಅರ್ಧ ಅಜ್ಜಿಯದು, ಅರ್ಧ ಆ ಮುಂದಿನ ಸೀಟಿನದು.

ಹನ್ನೊಂದು ಮನೆಗಳಲ್ಲಿ ಹೆಣ್ಣುಮಕ್ಕಳಿಲ್ಲದವರೂ ಇದ್ದರು. ಹೊಳಲ್ಕೆರೆ ಕಡೆಯ ತಿಪ್ಪಣ್ಣಜ್ಜನಿಗೆ ಮಕ್ಕಳೇ ಇರಲಿಲ್ಲ. ಅವನು ಒಂದು ದಿನ ಹೆಂಡತಿಯನ್ನು ಕರೆದುಕೊಂಡು ಬಂದು, ನಮ್ಮ ಪಾಳಿ ಇವತ್ತು, ಇವಳು ಹುಟ್ಟಿದಾಗಿನಿಂದ ಮಾರಿಕಣಿವೆ ಡ್ಯಾಮು ನೋಡಿಲ್ಲ ಎಂದ. ಅಪ್ಪ ಅವರಿಬ್ಬರನ್ನೂ ನನ್ನನ್ನೂ ಕೂರಿಸಿಕೊಂಡು ಹೋದ. ಎರಡು ಗುಡ್ಡದ ನಡುವೆ ಅಷ್ಟು ನೀರು ನೋಡಿ ಆ ಮುದುಕಿ ಮೊದಲು ಕೈಮುಗಿದಳು, ಆಮೇಲೆ ಇಷ್ಟು ನೀರಿಟ್ಟುಕೊಂಡು ನನಗೆ ಜೀವನಪೂರ್ತಿ ಬಾವಿ ಸೇದಿಸಿದ್ಯಲ್ಲ ಎಂದು ಗಂಡನನ್ನು ಬೈದಳು. ಮನೆಗೆ ಬಂದು ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನೀರು ಎಷ್ಟು ಅಗಲ ಇತ್ತು, ಆ ಕಡೆ ದಡ ಕಾಣುತ್ತದಾ ಎಂದು ಕೇಳಿದಳು. ಕಾಣುತ್ತದೆ, ಆದರೆ ಅಲ್ಲಿರುವ ದನ ಇರುವೆಯ ಹಾಗೆ ಕಾಣುತ್ತವೆ ಎಂದೆ. ಬಡಿಯುವುದನ್ನು ನಿಲ್ಲಿಸಿ ಒಂದು ಗಳಿಗೆ ಹಂಚನ್ನು ನೋಡಿದಳು. ಹೊಸದುರ್ಗಕ್ಕೆ ಸೊಸೆಯಾಗಿ ಬಂದು ಅಷ್ಟು ವರ್ಷವಾದರೂ ಅವಳೂ ಕಣಿವೆ ನೋಡಿರಲಿಲ್ಲ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ನೋಡುವಂತೆಯೂ ಇರಲಿಲ್ಲ. ಪಾಳಿ ಮುಗಿಯುವವರೆಗೆ ಕಾರು ನಮ್ಮದಲ್ಲ ಎನ್ನುವುದನ್ನು ಅಪ್ಪ ಅಕ್ಷರಶಃ ಹಿಡಿದಿದ್ದ. ನಮ್ಮ ಮನೆಯವರು ಅದರಲ್ಲಿ ಮಲಗಬಹುದು, ಓದಬಹುದು, ಸಂಡಿಗೆ ಒಣಗಿಸಬಹುದು. ನಮ್ಮ ಕೆಲಸಕ್ಕೆ ಚಕ್ರ ಉರುಳುವಂತಿಲ್ಲ. ಒಂದು ಸಲ ನನಗೆ ಮೈ ಸುಡುವ ಜ್ವರ ಬಂತು. ಅಪ್ಪ ನನ್ನನ್ನು ದುಪ್ಪಟಿಯಲ್ಲಿ ಸುತ್ತಿ, ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಗೋಣಿಪಟ ಹೊದ್ದ ಕಾರಿನ ಪಕ್ಕದಲ್ಲೇ ಹಾದುಹೋದೆವು. ಸೂಜಿ ಚುಚ್ಚಿಸಿಕೊಂಡು ವಾಪಸು ಬಂದಾಗ ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಅವರಿಬ್ಬರ ಎಷ್ಟೋ ಜಗಳ ಮರೆತಿದ್ದೇನೆ, ಅದೊಂದು ಮರೆತಿಲ್ಲ.

"ಮನೆ ಮುಂದೆ ಕಾರು ನಿಲ್ಲಿಸ್ಕಂಡು ಮಗೀನ ಸೈಕಲ್ ಮ್ಯಾಲೆ ತಗಂಡೋದೋರು ಈ ಜಿಲ್ಲೆನಾಗೆ ನೀವೊಬ್ರೇ."

"ಅದು ನಮ್ದಲ್ಲ ಕಣೇ. ಇನ್ನಾ ನಾಕು ಪಾಳಿ ಐತೆ."

"ಹಂಗಾರೆ ಈ ಜ್ವರ ಯಾರ ಪಾಳೀದು?"

ಎರಡು ದಿನ ಅವ್ವ ಅವನ ತಟ್ಟೆಗೆ ಮುದ್ದೆ ಹಾಕಿದಳೇ ಹೊರತು ಮಾತು ಹಾಕಲಿಲ್ಲ. ಸುದ್ದಿ ತಿಳಿದ ಚನ್ನಬಸಪ್ಪ ಆದಿವಾಲದಿಂದ ಬಸ್ಸು ಹತ್ತಿ ಬಂದು, ನಾವೇನು ಕಟುಕರಾ, ಕೂಸಿಗೆ ಜ್ವರ ಬಂದರೂ ಕಾರು ತೆಗೆಯಬೇಡ ಅಂದವರು ಯಾರು ಎಂದು ಬೀದಿಯಲ್ಲೇ ಅಪ್ಪನಿಗೆ ಬೈದು ಹೋದ. ಅಪ್ಪ ಹೂಂ ಹೂಂ ಎಂದು ತಲೆ ಆಡಿಸಿದ. ಅವನ ಮನಸ್ಸಿನಲ್ಲಿ ಹತ್ತು ಜನ ಹೂಂ ಅಂದದ್ದಲ್ಲ, ಒಬ್ಬ ಅನ್ನದೆ ಹೋದದ್ದು ಕೂತಿತ್ತು. ಈರಣ್ಣನ ಒಪ್ಪಿಗೆ ಇಲ್ಲದೆ ತನ್ನ ಮನೆಯ ಕೆಲಸಕ್ಕೆ ಆ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸುವುದು ಅವನಿಂದ ಆಗಲಿಲ್ಲ. ಅವ್ವನಿಗೆ ಇದು ಗೊತ್ತಿತ್ತು. ಅವಳ ಸಿಟ್ಟು ಅಪ್ಪನಿಂದ ಕಳಚಿ ಮೆಲ್ಲಗೆ ಮಾಡದಕೆರೆಯ ಕಡೆ ತಿರುಗಿತು. ಸಾರಿಗೆ ಉಪ್ಪು ಹೆಚ್ಚಾದರೂ ಈರಣ್ಣನ ದೃಷ್ಟಿ ತಾಗಿದೆ ಅನ್ನುತ್ತಿದ್ದಳು.

ಒಂಬತ್ತು ಪಾಳಿ ಮುಗಿದಿದ್ದಾಗ ಮಾಡದಕೆರೆಯಿಂದ ಬಂದವರು ಯಾರೋ, ಈರಣ್ಣನ ಮಗಳಿಗೆ ಮದುವೆಯಂತೆ ಎಂದರು. ಅಪ್ಪನಿಗೆ ಕರೆಯೋಲೆ ಬರಲಿಲ್ಲ. ಆದರೂ ಮದುವೆಯ ಹಿಂದಿನ ದಿನ ಕಾರು ತೊಳೆದ. ಬೆಳಿಗ್ಗೆ ಚೆಂಡುಹೂವಿನ ಹಾರ ತಂದು ಮುಂದೆ ಕಟ್ಟಿದ. ಕರೆಯದೆ ಹೋಗಬೇಡಪ್ಪ ಎಂದು ಅಜ್ಜಿ ಹೇಳಿದಳು. ಮಗಳನ್ನು ಕಳಿಸುವ ಹೊತ್ತಿಗೆ ಕಾರು ಕಣ್ಣೆದುರು ಇದ್ದರೆ ಅವನು ಬೇಡ ಅನ್ನುವುದಿಲ್ಲ, ಮಗಳ ಮುಖ ನೋಡಿ ಹೂಂ ಅನ್ನುತ್ತಾನೆ ಎಂದ ಅಪ್ಪ. ನಾನು ಹಸಿರು ಲಂಗ ಉಟ್ಟೆ. ಆಗಲೇ ಅದು ಮೊಣಕಾಲಿನ ಹತ್ತಿರ ಬಂದಿತ್ತು. ಊರೊಳಗೆ ಹೋಗಲು ಅಪ್ಪನಿಗೆ ಧೈರ್ಯ ಸಾಲಲಿಲ್ಲ. ಕೆರೆ ಏರಿಯ ಪಕ್ಕದಲ್ಲಿ, ಊರಿನಿಂದ ಹೊರಡುವ ಯಾರೂ ತಪ್ಪಿಸಿಕೊಳ್ಳಲಾಗದ ಕಡೆ ಕಾರು ನಿಲ್ಲಿಸಿದ. ಓಲಗದ ಸದ್ದು ಕೇಳುತ್ತಿತ್ತು. ಹೊತ್ತು ಏರಿತು, ಹಾರದ ಹೂವು ಬಾಡಿತು. ಕುರಿ ಕಾಯುವವರು ಬಂದು ಮದುವೆ ಕಾರಾ ಎಂದು ಕೇಳಿದರು, ಅಪ್ಪ ಹೂಂ ಅಂದ. ಮಧ್ಯಾಹ್ನವಾದ ಮೇಲೆ ಊರ ಕಡೆಯಿಂದ ಒಬ್ಬರೇ ಬರುತ್ತಿರುವುದು ಕಾಣಿಸಿತು. ಹೆಗಲ ಮೇಲೆ ಕಂಬಳಿ, ಒಂದು ಕೈಯಲ್ಲಿ ಮುಚ್ಚಿದ ಬೋಸಿ, ಇನ್ನೊಂದು ಕೈಯಲ್ಲಿ ತಂಬಿಗೆ. ಈರಣ್ಣನೇ. ಮಗಳ ಮದುವೆಯ ದಿನ ಚಪ್ಪರ ಬಿಟ್ಟು ಬಂದಿದ್ದ. ಬೋಸಿಯನ್ನು ಬಾನೆಟ್ಟಿನ ಮೇಲೆ ಇಟ್ಟ. ಒಳಗೆ ಹೋಳಿಗೆ, ಕಾಯಿಹಾಲು, ಅನ್ನ, ಸಾರು. ಅಪ್ಪ ಏನೋ ಹೇಳಲು ಹೋದ. ಈರಣ್ಣ ಕೈ ಎತ್ತಿ ತಡೆದ.

"ಕುರಿ ದುಡ್ಡು ಕೊಟ್ಟಾಗ ನಾನು ಚೀಟಿ ಕೇಳಿರ್ಲಿಲ್ಲ ಮರುಳಪ್ಪ. ಒಂದ್ ಸಾರಿ ಕಾರ್ನಾಗೆ ಕುಂತು ಅದು ಚುಕ್ತಾ ಆತು ಅನ್ನಾಕೆ ನಂಗೆ ಬಾಯಿ ಬರಲ್ಲ. ಉಳಿದೋರಿಗೆ ನೀನು ಸಾವ್ಕಾರ. ನಂಗೆ ಹಂಗಲ್ಲ. ಉಣ್ರಿ ಮೊದ್ಲು, ಹುಡುಗಿ ಹಸ್ಕಂಡೈತೆ."

ನಾವು ಉಣ್ಣುವವರೆಗೂ ಅವನು ಏರಿಯ ಕಲ್ಲಿನ ಮೇಲೆ ಕೂತು ಕೆರೆ ನೋಡುತ್ತಿದ್ದ. ನನಗೆ ಇನ್ನೊಂದು ಹೋಳಿಗೆ ಬೇಕೇನವ್ವ ಎಂದು ಕೇಳಿದ. ಬೋಸಿ ತೊಳೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರೊಂದು ಮಾವಿನ ತೋರಣ ಕಟ್ಟಿಕೊಂಡು ನಮ್ಮ ಮುಂದೆಯೇ ಹಾದುಹೋಯಿತು. ಟ್ರೈಲರಿನಲ್ಲಿ ಕೂತ ಮದುಮಗಳು ಕಾರಿನ ಹಾರವನ್ನು ನೋಡಿ ನನಗೆ ಕೈ ಬೀಸಿದಳು. ಅಪ್ಪ ಇಳಿದು ಹಾರ ಬಿಚ್ಚಿ ಕೆರೆಯಲ್ಲಿ ಬಿಟ್ಟ. ಬರುವಾಗ ದಾರಿಯುದ್ದಕ್ಕೂ ಹೋಳಿಗೆ ಚೆನ್ನಾಗಿತ್ತು ಅಲ್ಲವಾ, ಹೋಳಿಗೆ ಚೆನ್ನಾಗಿತ್ತು ಎಂದು ಎರಡು ಮೂರು ಸಲ ಹೇಳಿದ. ಮನೆಯಲ್ಲಿ ಅವ್ವ, ಹುಡುಗಿ ಕಾರು ಹತ್ತಿದಳಾ ಎಂದು ಕೇಳಿದಾಗ ಅಪ್ಪ, ಇಲ್ಲ, ಈರಣ್ಣ ಊಟ ಹಾಕಿದ ಎಂದ. ಊಟ ಹಾಕಿದವನನ್ನು ಬೈಯುವುದು ಅವ್ವನಿಗೆ ಕಷ್ಟವಾಯಿತು. ಅವತ್ತಿನಿಂದ ಉಪ್ಪು ಹೆಚ್ಚಾದದ್ದಕ್ಕೆ ಈರಣ್ಣ ಕಾರಣವಾಗಲಿಲ್ಲ.

ಹತ್ತನೆಯ ಪಾಳಿಯೂ ಮುಗಿಯಿತು. ಆಮೇಲೆ ಕಾರು ಹೊಂಗೆ ಮರದ ಕೆಳಗೆ ಸುಮ್ಮನೆ ನಿಂತಿತು. ಸೋಮವಾರ ಬೆಳಿಗ್ಗೆ ಅಪ್ಪ ಐದು ನಿಮಿಷ ಸ್ಟಾರ್ಟ್ ಮಾಡಿ, ಎರಡಡಿ ಮುಂದೆ ಎರಡಡಿ ಹಿಂದೆ ಮಾಡಿ ಆರಿಸುತ್ತಿದ್ದ. ಕೊಳ್ಳುತ್ತೇವೆ ಎಂದು ಬಂದವರಿಗೆ ಇನ್ನೊಬ್ಬರದು ಐತೆ ಇದರಲ್ಲಿ ಎಂದು ಹೇಳಿ ಕಳಿಸುತ್ತಿದ್ದ. ಅವ್ವ ಕಾರಿನ ಸುತ್ತ ನೆಲ ಗುಡಿಸಿ, ಮುಂದಿನ ಚಕ್ರದ ಹತ್ತಿರ ಒಂದೆಳೆ ರಂಗೋಲಿ ಎಳೆಯುವುದನ್ನು ರೂಢಿ ಮಾಡಿಕೊಂಡಳು. ಅಜ್ಜಿ ತೀರಿಕೊಂಡ ಮೇಲೆ ಮಧ್ಯಾಹ್ನ ಹಿಂದಿನ ಸೀಟು ಖಾಲಿ ಇರುತ್ತಿತ್ತು. ನಾನು ಮುಂದಿನ ಸೀಟಿನಲ್ಲೇ ಓದಿ ಹೈಸ್ಕೂಲು, ಕಾಲೇಜು ಮುಗಿಸಿದೆ. ಬಡತನ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕಿಟಕಿಯ ಗಾಜು ಇಳಿಸಿದರೆ ಹೊಂಗೆ ಹೂ ಉದುರಿ ಪುಸ್ತಕದ ಮೇಲೆ ಬೀಳುವಂಥ ಓದುವ ಕೋಣೆ ನನ್ನ ಗೆಳತಿಯರಲ್ಲಿ ಯಾರಿಗಿತ್ತು?

ನನ್ನ ಮದುವೆ ಹಿರಿಯೂರಿನ ಹತ್ತಿರದ ಒಂದು ಹಳ್ಳಿಯ ಮೇಷ್ಟ್ರ ಜೊತೆ ಗೊತ್ತಾಯಿತು. ಅಪ್ಪ ತಾನೇ ಮಾಡದಕೆರೆಗೆ ಹೋಗಿ ಈರಣ್ಣನ ಕೈಗೆ ಕರೆಯೋಲೆ ಕೊಟ್ಟು ಬಂದ. ಅವನು ತಗೊಂಡು ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡನಂತೆ. ನನ್ನನ್ನು ಕಳಿಸಲು ಬಾಡಿಗೆಗೆ ಒಂದು ಜೀಪು ಹೇಳಿತ್ತು. ನಮ್ಮ ಕಾರು ಹೊರಡುವ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಲಾರಿಯ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಮಾಬಣ್ಣ ಮಾತ್ರ ಬೆಳಿಗ್ಗೆಯೇ ಗೋಣಿಪಟ ತೆಗೆದು ಕಾರು ಒರೆಸುತ್ತಿದ್ದ. ಕೇಳಿದರೆ, ಕೈ ಸುಮ್ಮನಿರಲ್ಲವ್ವ ಅಂದ. ಮಧ್ಯಾಹ್ನದ ಊಟ ಮುಗಿದು, ನನ್ನನ್ನು ಒಪ್ಪಿಸುವ ಶಾಸ್ತ್ರ ಮುಗಿದು, ಅವ್ವ ನನ್ನ ಮುಖಕ್ಕೆ ಮುಖ ಒತ್ತಿ ಅಳುತ್ತಿದ್ದಾಗ ಓಣಿಯ ಆ ತುದಿಯಲ್ಲಿ ಈರಣ್ಣ ಕಾಣಿಸಿದ. ಮೀಸೆ ಬೆಳ್ಳಗಾಗಿತ್ತು. ಹೆಗಲ ಮೇಲೆ ಎರಡು ಕಂಬಳಿ ಇದ್ದವು, ಒಂದು ಅವನ ಹಳೆಯದು, ಇನ್ನೊಂದು ಮಗ್ಗದಿಂದ ಆಗಷ್ಟೇ ಇಳಿದ ಕಪ್ಪು ಕಂಬಳಿ. ಜೀಪಿನ ಕಡೆ ಅವನು ನೋಡಲೂ ಇಲ್ಲ. ಕಾರಿನ ಹತ್ತಿರ ಹೋಗಿ ಹಿಂದಿನ ಬಾಗಿಲು ತೆಗೆದು ಹೊಸ ಕಂಬಳಿಯನ್ನು ಸೀಟಿನ ಮೇಲೆ ಹಾಸಿದ. ಸುಕ್ಕಿಲ್ಲದಂತೆ ಅಂಗೈಯಿಂದ ಎಳೆದ. ಆಮೇಲೆ ಅಪ್ಪನ ಕಡೆ ತಿರುಗಿದ.

"ಹೆತ್ತೋನು ಇವತ್ತು ಹಿಂದೆ ಬರಂಗಿಲ್ಲ. ಯಾರಾನ ಒಬ್ರು ಹೋಗ್ಬೇಕಲ್ಲ. ನನ್ ಪಾಳಿ ಐತೆ ಇನ್ನ. ಇವತ್ತು ತಗಂತೀನಿ."

ಹೊರಡುವಾಗ ಅಪ್ಪ ಕಿಟಕಿಯ ಹತ್ತಿರ ಬಂದು, ಆ ಹುಡುಗಿಯರ ಅಪ್ಪಂದಿರು ತನಗೆ ಹೇಳಿದ್ದನ್ನೇ ತಾನೂ ಹೇಳಿದ.

"ಈರಣ್ಣ, ಹುಷಾರು."

ಈರಣ್ಣ ಮುಂದಿನ ಸೀಟಿನಲ್ಲಿ ಕಾಲು ಮಡಿಸಿ, ಕಟ್ಟೆಯ ಮೇಲೆ ಕೂತ ಹಾಗೆ ಕೂತಿದ್ದ. ಅವನು ಕಾರಿನಲ್ಲಿ ಕೂತದ್ದು ಅದೇ ಮೊದಲು. ಸ್ಟೀರಿಂಗಿನ ಮುಂದೆ ಕೂತ ಮಾಬಣ್ಣ ಗಾಜು ಇಳಿಸಿಕೊಟ್ಟ. ತಾಲ್ಲೂಕು ಕಚೇರಿ ದಾಟಿತು, ಸಂತೆ ಮೈದಾನ ದಾಟಿತು, ತೆಂಗಿನ ತೋಟಗಳು ಮುಗಿದು ಬಯಲು ಬಂತು. ಹಿಂದೆ ಮೇಷ್ಟ್ರ ಪಕ್ಕದಲ್ಲಿ ನಾನು ಅಳು ಹಿಡಿದುಕೊಂಡಿದ್ದೆ. ಬಳೆ ಸದ್ದಾಗದಂತೆ ಕೈಗಳನ್ನು ಕಂಬಳಿಗೆ ಒತ್ತಿಕೊಂಡಿದ್ದೆ. ಆಗ ಈರಣ್ಣ ರಸ್ತೆಯನ್ನೇ ನೋಡುತ್ತಾ ಹೇಳಿದ.

"ಅಳ್ತೀಯೇನವ್ವ? ಅಳು. ನಾನು ತಿರುಗಿ ನೋಡಲ್ಲ."

ಆ ಮಾತು ನನಗೂ ಅಪ್ಪನಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಮುಂದೆ ಕೂತವಳು ಒಮ್ಮೆಯೂ ತಿರುಗಿ ನೋಡಲಿಲ್ಲ ಎಂದು ಆ ಕಾರಿನಲ್ಲಿ ಹೋದ ಹುಡುಗಿಯರು ತವರಿಗೆ ಬಂದಾಗ ಹೇಳಿರಬೇಕು, ಅವರ ಅಪ್ಪಂದಿರು ಸಂತೆಯಲ್ಲಿ ಮಾತಾಡಿಕೊಂಡಿರಬೇಕು. ನಾನು ಹಿರಿಯೂರಿನವರೆಗೂ ಅತ್ತೆ. ಸರ್ಕಲ್ಲಿನಲ್ಲಿ ಈರಣ್ಣ ಕಾರು ನಿಲ್ಲಿಸಲು ಹೇಳಿ, ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದ.

ನನ್ನನ್ನು ಮುಟ್ಟಿಸಿ ಅದೇ ಕಾರಿನಲ್ಲಿ ವಾಪಸು ಬಂದು, ಅಪ್ಪನಿಗೆ 'ಮುಟ್ಟಿಸಿದೆ' ಎಂದಷ್ಟೇ ಹೇಳಿ, ನಮ್ಮ ಮನೆಯಲ್ಲಿ ಊಟ ಮಾಡಿ ಈರಣ್ಣ ಊರಿಗೆ ಹೋದನಂತೆ. ಅವ್ವ ಮಂಡಕ್ಕಿ ಒಗ್ಗರಣೆಯನ್ನೂ ಮಾಡಿ ಬಡಿಸಿದಳಂತೆ. ಇದು ನನಗೆ ತಿಳಿದದ್ದು ಹದಿನೈದು ದಿನ ಕಳೆದು ಅವ್ವ ನನ್ನನ್ನು ನೋಡಲು ಬಂದಾಗ. ಮದುವೆಯ ಮಾರನೆಯ ಬೆಳಿಗ್ಗೆ ಏನಾಯಿತೆಂದೂ ಆಗಲೇ ಹೇಳಿದಳು. ಅಪ್ಪ ಮಂಡಿಗೆ ಹೋಗದೆ ಕಾರನ್ನು ಬಾಗಿಲ ಮುಂದಕ್ಕೆ ತಂದು, ಇಳಿದು ಹಿಂದಿನ ಎಡಬಾಗಿಲು ತೆಗೆದು ನಿಂತನಂತೆ. ಎಲ್ಲಿಗೆ ಎಂದು ಅವ್ವ ಕೇಳಿದಳು. ಮಾರಿಕಣಿವೆಗೆ ಎಂದ. ಅವ್ವ ಸೀರೆ ಬದಲಿಸಿ ಬಂದು ಆ ಬಾಗಿಲನ್ನು ಹಾಕಿ, ಹಿಂದೆ ಕೂತರೆ ಮಾತಾಡುವುದು ಹೇಗೆ ಎಂದು ಮುಂದಿನ ಸೀಟಿನಲ್ಲಿ ಕೂತಳು. ಇಬ್ಬರೂ ಕಣಿವೆ ನೋಡಿ, ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಮದುವೆಯ ಹೋಳಿಗೆಯನ್ನು ನೀರಿನ ಹತ್ತಿರ ಕೂತು ತಿಂದು, ಹೊತ್ತು ಮುಳುಗುವುದರೊಳಗೆ ಮನೆಗೆ ಬಂದರು.